ತುಟಿಗೆ ಒಗ್ಗಿದ ದನಿ

ಇವತ್ತು ಬೆಳಿಗ್ಗೆ ಹೊಸ ರೀಡುಗಳ ಪೊಟ್ಟಣ ಬಿಚ್ಚಿದೆ. ರೀಡು ಎಂದರೆ ಸ್ಯಾಕ್ಸೋಫೋನಿನ ಮೌತ್‌ಪೀಸಿಗೆ ಬಿಗಿಯುವ ತೆಳ್ಳನೆಯ ಜೊಂಡಿನ ಪಟ್ಟಿ. ನಾವು ಊದಿದಾಗ ನಡುಗುವುದು ಅದೇ, ದನಿ ಹುಟ್ಟುವುದೂ ಅಲ್ಲೇ. ಬಾಯಲ್ಲಿಟ್ಟು ಒದ್ದೆ ಮಾಡಿಕೊಳ್ಳದೆ ಅದು ಮಾತಾಡುವುದಿಲ್ಲ. ಒದ್ದೆಯಾದ ಕೂಡಲೇ ಒಂದು ವಾಸನೆ ಬರುತ್ತದೆ. ಹಸಿ ಜೋಳದ ದಂಟು ಸೀಳಿ ಜಗಿದಿದ್ದೀರಾ? ಹೆಚ್ಚುಕಡಿಮೆ ಹಾಗೆ. ಜಗಿಯದಿದ್ದರೆ ಕಬ್ಬಿನ ಸಿಪ್ಪೆ ಎಂದುಕೊಳ್ಳಿ, ಸಿಹಿಯೊಂದನ್ನು ಬಿಟ್ಟುಬಿಡಿ. ಈ ವಾಸನೆ ಮೂಗಿಗೆ ಬಡಿದರೆ ನನಗೆ ದಸ್ತಗೀರ್ ಕಾಕಾ ನೆನಪಾಗುತ್ತಾರೆ.

ಕಾಕಾ ಹುಬ್ಬಳ್ಳಿಯವರು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮನೆ, ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು. ನಾನು ಧಾರವಾಡದ ಸಪ್ತಾಪುರದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗೆಳತಿಯ ಮಗಳ ಮದುವೆಯ ಮೆರವಣಿಗೆಯಲ್ಲಿ ಅವರನ್ನು ಮೊದಲು ಕೇಳಿದ್ದು. ಡೋಲು, ತಾಸೆ, ಹಿಂದೆ ಸಿಕ್ಕಿಬಿದ್ದ ಆಟೋಗಳ ಹಾರನ್ನು, ಇವೆಲ್ಲವನ್ನೂ ಸೀಳಿಕೊಂಡು ಒಂದು ದನಿ ಬಂತು. ಬಂಗಾರದ ಬಣ್ಣದ್ದು ಎಂದರೆ ನೀವು ನಗಬಹುದು. ನನಗೆ ಹಾಗೇ ಅನ್ನಿಸಿತು. ಊಟದ ಪಂಕ್ತಿ ಬಿಟ್ಟು ಬ್ಯಾಂಡಿನವರು ಕೂತಿದ್ದ ಕಡೆ ಹೋಗಿ, ನನಗೂ ಕಲಿಸುತ್ತೀರಾ ಎಂದು ಕೇಳಿಯೇಬಿಟ್ಟೆ.

"ಅಕ್ಕಾರ, ಇದನ್ನ ಕಲ್ತು ಏನ ಮಾಡ್ತೀರಿ?" ಎಂದರು ಕಾಕಾ. ನಮ್ಮ ಕಡೆ ಮಾಸ್ತರಿಣಿಯರಿಗೆಲ್ಲ ಅಕ್ಕಾರ ಎನ್ನುವುದು ರೂಢಿ.

"ಊದ್ತೇನ್ರಿ," ಎಂದೆ.

ಅವರು ಬಾಯಲ್ಲಿದ್ದ ಬುಂದೆಕಾಳು ಸಿಡಿಯುವಂತೆ ನಕ್ಕರು. ಮರುವಾರದಿಂದ ನನ್ನ ಭಾನುವಾರಗಳು ಹುಬ್ಬಳ್ಳಿಯ ಪಾಲಾದವು. ಬಸ್ಸಿನಲ್ಲಿ ತೊಡೆಯ ಮೇಲೆ ಹೊಸದಾಗಿ ಕೊಂಡ ಸ್ಯಾಕ್ಸೋಫೋನಿನ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಹೊಲಿಗೆ ಮಷಿನ್ನೇ ಎಂದು ಕೇಳಿದವರಿದ್ದಾರೆ. ಹೌದು ಎಂದು ಸುಮ್ಮನಾಗಿದ್ದೇನೆ. ಸ್ಯಾಕ್ಸೋಫೋನು ಎಂದರೆ ದಾರಿಯ ನವಲೂರು ದಾಟುವವರೆಗೂ ವಿವರಣೆ ಕೊಡಬೇಕಾಗುತ್ತಿತ್ತು.

ನನಗೆ ಬೇಕಾಗಿದ್ದದ್ದು ಒಂದೇ, ಕಾಕಾನ ದನಿ. ಅದಕ್ಕಾಗಿ ಅವರದರಂಥದೇ ಮೌತ್‌ಪೀಸು ತರಿಸಿದೆ. ಲೋಹದ್ದು, ತುದಿಯಲ್ಲಿ ಅಗಲ ಬಾಯಿ. ಅದಕ್ಕೆ ಅವರು ಕಟ್ಟುವಂಥದೇ ಗಟ್ಟಿ ರೀಡು. ತುದಿಯ ಬಾಯಿ ಅಗಲವಾದಷ್ಟೂ, ರೀಡು ಗಟ್ಟಿಯಾದಷ್ಟೂ ತುಟಿಗೆ ಬಲ ಹೆಚ್ಚು ಬೇಕು. ಬಲವಿದ್ದವರಿಗೆ ಅದು ಬೀದಿ ತುಂಬುವ ದನಿ ಕೊಡುತ್ತದೆ. ನನಗೆ ಕೊಟ್ಟಿದ್ದು ಏನು ಎನ್ನುವುದನ್ನು ನನ್ನ ಅತ್ತೆಯವರ ಬಾಯಲ್ಲೇ ಕೇಳಿ: "ಎಮ್ಮಿ ಕರಾ ಕಳಕೊಂಡ್ಹಂಗ ಒದರ್ತೈತಿ ನೋಡವಾ ನಿನ್ನ ಪೀಪಿ." ನಾನು ಸೋಲಲಿಲ್ಲ. ವರ್ಷಗಟ್ಟಲೆ ಊದಿದೆ. ಬರಬರುತ್ತಾ ಎಮ್ಮೆಗೆ ಕರು ಸಿಕ್ಕಿತು. ಕಾಕಾನ ದನಿಯ ನೆರಳಿನಂಥದ್ದು ಒಮ್ಮೊಮ್ಮೆ ಸುಳಿದುಹೋಗುತ್ತಿತ್ತು.

ಒಂದು ಚಳಿಗಾಲದ ಮುಂಜಾನೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದೆ. ಮುಖದ ಎಡಭಾಗ ನನ್ನದಲ್ಲ ಎನ್ನುವಂತೆ ಜೋತುಬಿದ್ದಿತ್ತು. ಕಣ್ಣು ಮುಚ್ಚಿದರೆ ಎಡರೆಪ್ಪೆ ಮುಚ್ಚುತ್ತಿಲ್ಲ. ಮುಖದ ನರಕ್ಕೆ ಬಾವು ಬಂದಿದೆ, ಸಾಮಾನ್ಯವಾಗಿ ಗುಣವಾಗುತ್ತದೆ, ಯಾವಾಗ ಎಷ್ಟು ಎಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಆಗ ಕ್ಲಾಸಿನಲ್ಲಿ ಬೆಳಕಿನ ಪಾಠ ನಡೆದಿತ್ತು. ಪ, ಬ, ಮ ಯಾವುದೂ ಉಚ್ಚಾರವಾಗದ ಬಾಯಲ್ಲಿ ಪ್ರತಿಬಿಂಬ ಎಂದು ಹೇಳಿ ನೋಡಿ! ಮಕ್ಕಳು ನಗಲಿಲ್ಲ. ನಾನು ತಡವರಿಸಿದ ಕಡೆಯೆಲ್ಲ ಅವರೇ ಗಟ್ಟಿಯಾಗಿ ಆ ಪದ ಹೇಳಿ ಮುಂದೆ ದಾಟಿಸುತ್ತಿದ್ದರು. ಆ ವರ್ಷದ ಮಕ್ಕಳಿಗೆ ನಾನು ಬೆಳಕಿನ ಪಾಠ ಮಾಡಿದೆನೋ, ಅವರು ನನಗೆ ಮಾಡಿದರೋ.

ಆದರೆ ಸ್ಯಾಕ್ಸೋಫೋನು ಮಕ್ಕಳಲ್ಲ. ಮೌತ್‌ಪೀಸು ಬಾಯಲ್ಲಿಟ್ಟರೆ ಗಾಳಿ ಎಡಗಡೆಯಿಂದ ಫುಸ್ಸನೆ ಹೊರಟುಹೋಗುತ್ತಿತ್ತು. ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಹುಬ್ಬಳ್ಳಿಗೆ ಹೋಗುವುದು ನಿಂತಿತು. ಕಾಕಾನ ಫೋನು ಬಂದರೆ ಎತ್ತಲಿಲ್ಲ. ಎತ್ತಿ ಯಾವ ಬಾಯಲ್ಲಿ ಮಾತಾಡುವುದು?

ಒಂದು ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನನ್ನ ಗೆಳತಿಯಿಂದ ಸುದ್ದಿ ತಿಳಿದು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಕಾಕಾ ನಿಂತಿದ್ದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ತಗೀರಿ ಸೆರಗ, ನೋಡೂಣು," ಎಂದರು. ನೋಡಿದರು. ಅಯ್ಯೋ ಎನ್ನಲಿಲ್ಲ. ವಾದ್ಯ ರಿಪೇರಿಗೆ ಬಂದಾಗ ನೋಡುವಂತೆ ಕತ್ತು ಓರೆ ಮಾಡಿ ನೋಡಿ ಹೇಳಿದರು: "ಎಡಗಡೆ ತುಟಿ ರಜಾ ಹಾಕೇತಿ. ಬಲಗಡೀದು ಡ್ಯೂಟಿ ಮ್ಯಾಲ ಐತೆಲ್ಲ? ತರ್ರಿ ನಿಮ್ಮ ಪೆಟಗಿ."

ಮೊದಲು ನನ್ನ ಮೌತ್‌ಪೀಸಿನಲ್ಲೇ ಊದಿಸಿದರು. ಬರೀ ಗಾಳಿ. ಆಮೇಲೆ ಚೀಲವನ್ನು ಚಾಪೆಯ ಮೇಲೆ ಸುರಿದರು. ಬ್ಯಾಂಡಿನವರು, ಪರಿಚಯದವರು, ಊದುವುದು ಬಿಟ್ಟವರು, ಎಲ್ಲರ ಮನೆಯಿಂದ ಬೇಡಿ ತಂದ ಮೌತ್‌ಪೀಸುಗಳು. ಕೆಲವು ಲೋಹದವು, ಕೆಲವು ಎಬೊನೈಟ್ ಎನ್ನುವ ಕರೀ ಗಟ್ಟಿ ರಬ್ಬರಿನವು, ಒಂದೆರಡು ಪ್ಲಾಸ್ಟಿಕ್ಕಿನವು. ನಾನು ಲೋಹದವನ್ನೇ ಮೊದಲು ಎತ್ತಿದೆ.

"ಲೋಹ ನೋಡಬ್ಯಾಡ್ರಿ. ಒಳಗ ಗಾಳಿ ಹೋಗೂ ಓಣಿ ಹೆಂಗೈತಿ, ಅದನ್ನ ನೋಡ್ರಿ. ಓಣಿ ಸಣ್ಣದಿದ್ರ ದನಿ ಚೂಪು, ಅಗಲಿದ್ರ ಗುಂಡಗ," ಎಂದರು.

ಒಂದೊಂದಾಗಿ ಹಾಕಿದೆವು, ತೆಗೆದೆವು. ಒಂದು ಚೀರಿತು, ಒಂದು ಬಾಯೇ ಬಿಡಲಿಲ್ಲ. ಕಾಕಾ ಮಧ್ಯಮ ಗಟ್ಟಿಯ ರೀಡಿಗಿಂತ ಕೆಳಗೆ ಇಳಿಯಲು ಒಪ್ಪಲಿಲ್ಲ. ಕೊನೆಗೆ ತಮ್ಮ ಕೋಟಿನ ಒಳಜೇಬಿನಿಂದ ಸ್ವಂತದ ಮೌತ್‌ಪೀಸನ್ನೇ ತೆಗೆದು ಕೈಗಿಟ್ಟರು. ಅವರ ಹಲ್ಲಿನ ಗುರುತು ಅದರ ಮೇಲೆ ಸವೆದು ಕೂತಿತ್ತು. ವರ್ಷಗಳಿಂದ ನಾನು ಕನಸು ಕಂಡಿದ್ದ ವಸ್ತು ಅದು. ಊದಿದೆ. ಉಗುಳು ಸೋರಿ ಗದ್ದದಿಂದ ಇಳಿಯಿತು, ಸ್ವರ ಬರಲಿಲ್ಲ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅಳುವುದಕ್ಕೂ ಒಂದೇ ಬದಿ.

ಕಾಕಾ ಕಿಟಕಿಯ ಕಡೆ ತಿರುಗಿ ಕೂತರು. ಅಷ್ಟು ದೂರದಿಂದ ಚೀಲ ಹೊತ್ತು ಬಂದವರನ್ನು ನೋಡಿ ನನಗೇ ನಾಚಿಕೆಯಾಯಿತು. ಚಾಪೆಯ ಮೂಲೆಯಲ್ಲಿ ಉಳಿದಿದ್ದ ಸಣ್ಣ ಬಾಯಿಯ ಕರೀ ಮೌತ್‌ಪೀಸು ಎತ್ತಿಕೊಂಡು ಎಲ್ಲಕ್ಕಿಂತ ಮೆತ್ತನೆಯ ರೀಡು ಕೇಳಿದೆ.

"ಅದು ಸಾಲಿ ಹುಡುಗೂರು ಊದೋದ್ರಿ. ದನಿ ದಪ್ಪ ಬರಂಗಿಲ್ಲ."

"ದಪ್ಪ ಬ್ಯಾಡ್ರಿ ಕಾಕಾ. ಬಂದ್ರ ಸಾಕು."

ಬೆರಳಿನಿಂದ ಎಡ ತುಟಿಯಂಚನ್ನು ಒತ್ತಿ ಹಿಡಿದು ಊದಿದೆ. ಜೋರಾಗಿ ಊದಿದ್ದಕ್ಕೆ ಮೆತ್ತನೆಯ ರೀಡು ಬಾಗಿ ಬಾಗಿಲು ಹಾಕಿಕೊಂಡಿತು. ಉಸಿರು ಇಳಿಸಿದೆ. ಇನ್ನೂ ಇಳಿಸಿದೆ. ಬಿಸಿ ಚಹಾ ಆರಿಸುವಷ್ಟು ಉಸಿರಿಗೆ ಬಂದಾಗ, ಷಡ್ಜ ಬಂತು. ಸಣ್ಣದು, ಅಂಚಿನಲ್ಲಿ ಒಂದಿಷ್ಟು ಗಾಳಿ ಸೇರಿದ್ದು, ಆದರೆ ಅಲುಗದೆ ನಿಂತ ಷಡ್ಜ. ಅಲ್ಲಿಂದ ಪಂಚಮಕ್ಕೆ ಹೋದೆ. ಬಂತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಅದ ಪೀಪಿ ಏನು ಇದು?"

"ಹೌದ್ರೀ, ಅದ," ಎಂದರು ಕಾಕಾ.

"ಯಾರೋ ಬಾಜೂಕ ಕುಂತು ಮಾತಾಡಿದ್ಹಂಗ ಕೇಳಸ್ತು. ಊದವಾ, ಇನ್ನಷ್ಟ ಊದು."

ಕಾಕಾ ಬಹಳ ಹೊತ್ತು ತಲೆ ತಗ್ಗಿಸಿ ಕೇಳಿದರು. ಆಮೇಲೆ, "ಇದು ನನ್ನ ದನಿ ಅಲ್ರಿ ಅಕ್ಕಾರ," ಎಂದರು. ನಾನು ವಾದ್ಯ ಬಾಯಿಂದ ತೆಗೆದೆ. ಅವರು ಮುಂದುವರಿಸಿದರು: "ಛಲೋ ಆತು. ನನಗ ಗೊತ್ತಿದ್ದದ್ದು ಬೀದಿ ದನಿ, ಅದನ್ನ ಕಲಸಿದೆ. ಇದು ಮನ್ಯಾಗಿನ ದನಿ. ಇದನ್ನ ನನಗ ಕಲಸಾಕ ಬರತಿದ್ದಿಲ್ಲ. ನಿಮಗ ಸಿಕ್ಕೇತಿ, ಬಿಡಬ್ಯಾಡ್ರಿ."

ಮುಂದೆ ತಿಂಗಳುಗಟ್ಟಲೆ, ಮದುವೆ ಮುಹೂರ್ತವಿಲ್ಲದ ವಾರಗಳಲ್ಲಿ ಅವರೇ ಧಾರವಾಡಕ್ಕೆ ಬಂದರು. ರೀಡನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ನೋಡುವುದು, ಒಳಗಿನ ಓಣಿ ಇನ್ನಷ್ಟು ಅಗಲವಿರುವ ಕರೀ ಮೌತ್‌ಪೀಸು ಹುಡುಕುವುದು, ಇಬ್ಬರಿಗೂ ಇದೊಂದು ಹುಚ್ಚಾಯಿತು. ಕೊನೆಗೆ ಸಿಕ್ಕದ್ದು ಈಗಲೂ ನನ್ನ ವಾದ್ಯದ ಮೇಲಿದೆ. ತುಟಿಯೂ ರಜೆ ಮುಗಿಸಿಕೊಂಡು ನಿಧಾನವಾಗಿ ಕೆಲಸಕ್ಕೆ ಬಂತು. ಈಚೆಗೆ ಒಂದು ದಿನ ಹಳೆಯ ಲೋಹದ ಮೌತ್‌ಪೀಸು ಹಾಕಿ ನೋಡಿದೆ. ಬಂತು, ಭರ್ತಿ ದನಿ, ಕಿಟಕಿ ಗಾಜು ನಡುಗುವಂಥದ್ದು. ಒಂದು ಹಾಡು ಪೂರ್ತಿ ಊದಿ, ಒರೆಸಿ, ಅರಿವೆಯಲ್ಲಿ ಸುತ್ತಿ ಎತ್ತಿಟ್ಟೆ. ಅದರ ಮೇಲೆ ಸಿಟ್ಟಿಲ್ಲ. ಅದು ನೆಂಟರ ಮನೆ ಇದ್ದಂತೆ, ಹೋಗಿ ಬರಬಹುದು.

ಇವತ್ತು ಭಾನುವಾರ. ಹೊಸ ರೀಡು ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ಬಂದು ಕೂತು ಈ ಬರಹ ಮುಗಿಸುತ್ತಿದ್ದೇನೆ. ಕಾಕಾ ಈಗ ಮೆರವಣಿಗೆಗೆ ಹೋಗುವುದಿಲ್ಲ. ಗೋಡೆಗೆ ಒರಗಿ ಕೂತು ನನ್ನಿಂದ ಊದಿಸುತ್ತಾರೆ. ನಾನು ಕಣ್ಣು ಮುಚ್ಚಿ ನಿಧಾನವಾದದ್ದೊಂದನ್ನು ಊದಿ ಮುಗಿಸಿ ನೋಡಿದರೆ, ಕಾಕಾನ ಹೆಂಡತಿ ಚಾಚಿ ಹೊಸ್ತಿಲ ಒಳಗೆ ಕೂತಿದ್ದರು, ಬಿಡಿಸುತ್ತಿದ್ದ ಬೆಳ್ಳುಳ್ಳಿ ಮಡಿಲಲ್ಲಿ ಹಾಗೇ ಇತ್ತು.

ಕಾಕಾ ನನ್ನತ್ತ ಬಾಗಿ ಪಿಸುಗುಟ್ಟಿದರು: "ಲಗ್ನ ಆದಾಗಿಂದ ನಾ ಊದಾಕ ಕುಂತ್ರ ಈಕಿ ಹಿತ್ತಲಕ್ಕ ಹೋಗಿ ಕದಾ ಹಾಕ್ಕೊಂತಿದ್ಲು. ಇವತ್ತ ಕುಂತಾಳ ನೋಡ್ರಿ."

ಚಾಚಿಗೆ ಕೇಳಿಸಿತು. "ನಿಮ್ಮದು ಊರಿಗೆಲ್ಲಾ ಕೇಳಸ್ತಿತ್ತು, ನಾ ಯಾಕ ಕೇಳಬೇಕು?" ಎಂದವರೇ ನನ್ನತ್ತ ತಿರುಗಿದರು. "ಇದು ನನಗ ಕೇಳಸ್ತೈತಿ. ಇನ್ನೊಂದ ಬಾರಸವಾ."

ಕಾಕಾ ಜಾಗ ಬಿಟ್ಟು ಸರಿದು, ಗೋಡೆಯ ಪಕ್ಕದಲ್ಲಿ ಹೆಂಡತಿಗೆ ಚಾಪೆ ಹಾಸಿದರು. ಇಬ್ಬರೂ ಒತ್ತಟ್ಟಿಗೆ ಕೂತ ಮೇಲೆ ನಾನು ಶುರು ಮಾಡಿದೆ.