ರಾಜಬಿ ಮತ್ತೆ ನೆನೆಹಾಕಿದ ಬುಟ್ಟಿಗಳು

ಟಿಕೋಟಾದಲ್ಲಿ ನಮ್ಮ ಮನೆಗೂ ರಾಜಬಿಯ ಮನೆಗೂ ನಡುವೆ ಒಂದೇ ಗೋಡೆ. ನಾನು ಒಗ್ಗರಣೆ ಹಾಕಿದರೆ ಅವಳಿಗೆ ಸೀನು ಬರುತ್ತಿತ್ತು. ಅವಳು ಒರಳಿನಲ್ಲಿ ಕಾಗದ ಕುಟ್ಟಿದರೆ ನಮ್ಮ ಗೋಡೆಯ ಮಾಡದಲ್ಲಿನ ದೀಪ ಅಲುಗುತ್ತಿತ್ತು.

ಹೌದು, ಕಾಗದವನ್ನೇ ಕುಟ್ಟುತ್ತಿದ್ದಳು. ಓಣಿಯವರೆಲ್ಲ ಮನೆಯ ರದ್ದಿಯನ್ನು ಅವಳಿಗೆ ಕೊಡುತ್ತಿದ್ದೆವು. ಅದನ್ನು ಹರಿದು ಮೂರು ದಿನ ನೆನೆಹಾಕಿ, ಹಿಂಡಿ, ನೆನೆದ ಮೆಂತ್ಯದ ಜೊತೆ ಬೆಣ್ಣೆಯಂತಾಗುವವರೆಗೆ ಕುಟ್ಟುವಳು. ಗಡಿಗೆಯನ್ನು ಬೋರಲು ಹಾಕಿ, ಮೇಲೆ ಹಳೆಯ ಬಟ್ಟೆ ಹೊದಿಸಿ, ಗಡಿಗೆಯ ಹೊಟ್ಟೆಯವರೆಗೆ ಆ ಮುದ್ದೆಯನ್ನು ರೊಟ್ಟಿಯ ಹಾಗೆ ತಟ್ಟುವಳು. ನಾಲ್ಕು ಬಿಸಿಲು ಕಂಡರೆ ಬುಟ್ಟಿ ಗಡಿಗೆಯಿಂದ ತಾನಾಗಿ ಬಿಡುತ್ತಿತ್ತು. ಹುಣಸೆಬೀಜದ ಅಂಟು ಸವರಿದರೆ ಹತ್ತು ವರ್ಷ ಬೇಳೆ ತುಂಬಿಡಬಹುದು.

ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಒಂದೊಂದೇ ಹಾಳೆ ಎತ್ತಿ ನೋಡದೆ ಹರಿಯುತ್ತಿರಲಿಲ್ಲ. ನಮ್ಮ ದೇವರ ಚಿತ್ರವಿದ್ದರೆ ನನಗೆ ಮರಳಿ ಕೊಡುವಳು. ಉರ್ದು ಅಕ್ಷರ ಕಂಡರೆ, ಅದರಲ್ಲಿ ದೇವರ ಹೆಸರು ಇದ್ದೀತೆಂದು, ಗೂಟಕ್ಕೆ ತೂಗುಹಾಕಿದ ಚೀಲಕ್ಕೆ ಸೇರಿಸುವಳು. ತಿಂಗಳಿಗೊಂದು ಶುಕ್ರವಾರ ಅವಳ ಮೈದುನ ದಾದಾಸಾಬ ಆ ಚೀಲವನ್ನು ಒಯ್ದು ಊರಾಚೆಯ ಹಾಳು ಬಾವಿಯಲ್ಲಿ ಕಲ್ಲು ಕಟ್ಟಿ ಮುಳುಗಿಸುತ್ತಿದ್ದ.

೧೯೭೪ರಲ್ಲಿ ನನ್ನ ಮಗಳು ರೇಣವ್ವ ಮ್ಯಾಟ್ರಿಕ್ ಪಾಸಾದಳು. ಶಿಕ್ಷಕಿಯರ ತರಬೇತಿಗೆ ವಿಜಾಪುರಕ್ಕೆ ಕರೆ ಬಂತು. ಸಂದರ್ಶನ ಶನಿವಾರ. ಶುಕ್ರವಾರ ಮಧ್ಯಾಹ್ನ ಅವಳು ಟ್ರಂಕಿನ ಮುಂದೆ ಕೂತು ಕೂಗಿದಳು.

"ಯವ್ವಾ, ಮಾರ್ಕ್ಸಕಾರ್ಡ ಇಲ್ಲ!"

"ಅಲ್ಲೇ ಇರತೈತಿ, ಛಂದಗೆ ನೋಡ."

"ಬುಡದಾಗಿನ ಕಾಗದ ಎಲ್ಲಾ ಎಲ್ಲಿ ಹ್ವಾದೂ?"

ಹಿಟ್ಟು ನಾದುತ್ತಿದ್ದ ನನ್ನ ಕೈ ನಿಂತಿತು. ಎಂಟು ದಿನದ ಹಿಂದೆ ಟ್ರಂಕಿನ ಬುಡ ಝಾಡಿಸಿ ಎಲ್ಲವನ್ನೂ ರಾಜಬಿಗೆ ಕೊಟ್ಟವಳು ನಾನೇ. ಅಂಕಪಟ್ಟಿ ಇಲ್ಲದೆ ಬಂದರೆ ಹೆಸರು ತೆಗೆಯುತ್ತೇವೆಂದು ಪತ್ರದಲ್ಲೇ ಇತ್ತು. ಸೀಟು ಸಿಗದಿದ್ದರೆ ಅವಳನ್ನು ನಿಡೋಣಿಯ ಗಂಡಿಗೆ ಕೊಡುತ್ತೇನೆಂದು ಮನೆಯವರು ಮಾತಾಡಿ ಬಂದಿದ್ದರು. ಅವರನ್ನು ಕೇಳೋಣವೆಂದರೆ ಎಂಟು ದಿನದಿಂದ ಹೊನವಾಡದ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದರು, ಬರುವುದು ಸಂಜೆ ಬಸ್ಸಿಗೆ.

ರೇಣವ್ವನ ಜೊತೆ ರಾಜಬಿಯ ಅಂಗಳಕ್ಕೆ ಓಡಿದೆ. ಅಲ್ಲಿ ಮೂರು ಬುಟ್ಟಿ ಒಣಗಿ ನಿಂತಿದ್ದವು. ಅವಳ ತಂಗಿಯ ಮಗಳು ನಜಮಾಳ ಮದುವೆಗೆಂದು ಮಾಡಿದವು, ಮದುವೆಗೆ ಎಂಟೇ ದಿನ ಉಳಿದಿತ್ತು.

"ಯಾಕ ಮುರಿಗೆಕ್ಕಾ, ಮಾರಿ ಯಾಕ ಹಿಂಗಾಗೈತಿ?"

ಹೇಳಿದೆ. ಕೊಟ್ಟವಳು ನೀನಲ್ಲವೇ ಎಂಬ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ.

"ದಪ್ಪ ಕಾಗದ ಕೈಗೆ ಹತ್ತಿದ್ರ ನನಗ ಗೊತ್ತಾಗತಿತ್ತು. ಆದ್ರೂ ನೋಡೂಣು. ಅದು ಲಗೂನ ನುಣ್ಣಗಾಗೂದಿಲ್ಲ, ಚೂರು ಉಳದಿರತಾವ. ಸಿಕ್ಕಿದ್ರ ಸಾಲಿ ಮಾಸ್ತರಗರೆ ತೋರಿಸಿ ಚೀಟಿ ಬರಸಬೋದು."

ಮೂರೂ ಬುಟ್ಟಿಗಳನ್ನು ಎತ್ತಿ ನೀರಿನ ಬಾನಿಗೆ ಹಾಕಿಯೇ ಬಿಟ್ಟಳು.

"ಬ್ಯಾಡ ರಾಜಬಿ! ಲಗ್ನದ ಬುಟ್ಟಿ ಅವು!"

"ಬುಟ್ಟಿ ಮತ್ತ ತಟ್ಟಬೋದು. ಸುಮ್ಮನ ಹಿಚುಕು ಬಾ."

ಹೊತ್ತು ಇಳಿಯುವವರೆಗೆ ಮೂವರೂ ಹಿಚುಕಿದೆವು. ರೇಣವ್ವನ ಕಣ್ಣೀರು ಬಾನಿಗೇ ಬೀಳುತ್ತಿತ್ತು. ಮೆಂತ್ಯದ ವಾಸನೆ ಇಂದಿಗೂ ನನಗೆ ಆ ಮಧ್ಯಾಹ್ನವನ್ನೇ ತಂದು ನಿಲ್ಲಿಸುತ್ತದೆ. ದಪ್ಪ ಕಾಗದದ ಒಂದು ಎಳೆಯೂ ಸಿಗಲಿಲ್ಲ.

"ಇದರಾಗಿಲ್ಲ" ಎಂದಳು ರಾಜಬಿ. ಹಾಗಾದರೆ ಎಲ್ಲಿ?

ಅಷ್ಟರಲ್ಲಿ ಮನೆಯವರು ಬಂದರು. ವಿಷಯ ಕೇಳಿ, ಕೈಯಲ್ಲಿನ ಚೀಲವನ್ನೂ ಇಳಿಸದೆ ಹೇಳಿದರು. "ಮಾರ್ಕ್ಸಕಾರ್ಡೇನು? ವಿಜಾಪುರದ ಸ್ಟೇಷನ್ ರಸ್ತೆ ಅಂಗಡ್ಯಾಗ ಧೋತ್ರ ತಂದಿದ್ನೆಲ್ಲ, ಅದನ್ನ ಸುತ್ತಿಕೊಟ್ಟ ಉರ್ದು ಪೇಪರದಾಗ ಮಡಚಿ ಬುಡದಾಗ ಇಟ್ಟಿದ್ದೆ. ಹುಳ ಹತ್ತಬಾರದಂತ."

ರಾಜಬಿ ತಟ್ಟನೆ ಎದ್ದಳು. ಮೇಲೆ ಉರ್ದು ಕಂಡ ಆ ಕಾಗದದ ಮಡಿಕೆಯನ್ನು ಅವಳು ಬಿಚ್ಚದೆಯೇ ಗೂಟದ ಚೀಲಕ್ಕೆ ಹಾಕಿದ್ದಳು! ಒಳಗೆ ಓಡಿದವಳು ಗೂಟದ ಮುಂದೆಯೇ ನಿಂತುಬಿಟ್ಟಳು. ಗೂಟ ಬರಿದಾಗಿತ್ತು.

"ಮುಂಜಾನೆ ದಾದಾ ಒಯ್ದಾನ. ಇವತ್ತ ಶುಕ್ರವಾರ, ಅಕ್ಕಾ."

ಜೀವಮಾನದಲ್ಲಿ ಎಂದೂ ಅವಸರ ಮಾಡದ ರಾಜಬಿ ಆ ಸಂಜೆ ಚಪ್ಪಲಿ ಮರೆತು ನಡೆದಳು. ಹಿಂದೆ ನಾವು. ದಾದಾಸಾಬ ಮನೆಯ ಮುಂದೆ ಹೊರಸಿನ ಮೇಲೆ ಮಲಗಿದ್ದ. ಮೈಗಳ್ಳ, ಕೆಲಸಗೇಡಿ ಎಂದು ಅತ್ತಿಗೆ ಅವನನ್ನು ಬೈಯದ ದಿನವಿರಲಿಲ್ಲ.

"ಬಾವಿಗೆ ಹೋಗಿದ್ದೇನೋ ದಾದಾ?"

ಬೈಗುಳ ಬಂತೆಂದು ಅವನು ಎದ್ದು ಕೂತ. "ಹೋಗತೇನಿ ಭಾಬಿ, ಹೋಗತೇನಿ. ಅರ್ಧಾ ಚೀಲಕ್ಕ ಅಷ್ಟು ದೂರ ಯಾರು ಹೋಗತಾರ? ತುಂಬಲಿ ಅಂತ..."

"ಚೀಲ ಎಲ್ಲೈತಿ?"

"ಮಾಡದಾಗ ಐತಿ. ಕಾಲಿಗೆ ಹತ್ತಬಾರದಂತ ಮ್ಯಾಲೆ ಇಟ್ಟೇನಿ."

ಚೀಲದಿಂದ ಮಡಿಕೆ ತೆಗೆದು ರೇಣವ್ವ ಬಿಚ್ಚಿದಳು. ಅಂಕಪಟ್ಟಿ, ನೇರಳೆ ಶಾಯಿಯ ಶಿಕ್ಕಾ ಸಮೇತ.

ರಾಜಬಿ ಮೈದುನನ ಕಡೆ ತಿರುಗಿದಳು. "ನಿನ್ನ ಮೈಗಳ್ಳತನಕ್ಕ ಆಯುಷ್ಯ ಹೆಚ್ಚಲಿ."

ಅವನಿಗೆ ಏನೂ ತಿಳಿಯಲಿಲ್ಲ. "ಹಂಗಾರ ಮಲಗಲೇನು?" ಎಂದ.

ರೇಣವ್ವ ಮರುದಿನ ಮೊದಲ ಬಸ್ಸಿಗೆ ಹೋಗಿ ಬಂದಳು, ಸೀಟೂ ಸಿಕ್ಕಿತು. ಭಾನುವಾರದಿಂದ ನಾವು ಮೂವರೂ ರಾಜಬಿಯ ಒರಳಿನ ಸುತ್ತ ಕೂತೆವು. ಮುದ್ದೆ ಕಡಿಮೆ ಬಿದ್ದು ಹೊಸ ರದ್ದಿ ಸೇರಿಸಬೇಕಾಯಿತು. ರಾಜಬಿ ಒಂದೊಂದು ಹಾಳೆಯನ್ನೂ ರೇಣವ್ವನ ಮುಂದೆ ಹಿಡಿದು "ಇದರಾಗ ಯಾರದರ ಹೆಸರೈತೇನವ್ವಾ?" ಎಂದು ಕೇಳುವಳು, ಇಲ್ಲ ಅಂದಮೇಲೆಯೇ ಹರಿಯುವಳು. ಎರಡು ಬುಟ್ಟಿ ಹೇಗೋ ಒಣಗಿದವು. ಮೂರನೆಯದು ಮದುವೆಯ ದಿನವೂ ಹಸಿಯಾಗಿಯೇ ಇತ್ತು. ಅದನ್ನು ರಾಜಬಿ ಗಡಿಗೆ ಸಮೇತ ತಲೆಯ ಮೇಲೆ ಹೊತ್ತುಕೊಂಡು ಹೋದಳು.