ಎರೆಮಣ್ಣಲ್ಲಿ ಒತ್ತಿದ ಮೈ

ಇಪ್ಪತ್ತೆಂಟು ತುಂಬುವ ಮೊದಲೇ ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶ ತೆಗೆದರು. ಗಂಡ ಸಹಿ ಹಾಕಿದ, ಅತ್ತೆ ತಲೆಯಾಡಿಸಿದರು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹರಿದ ಚೀಲವನ್ನೂ ಹೊಲಿಯುವ ಮುಂಚೆ ಒಮ್ಮೆ ತಿರುವಿ ನೋಡುತ್ತಾರೆ. ನನಗೆ ಅಷ್ಟೂ ಇಲ್ಲ.

ಆ ಮನೆ ಬಿಟ್ಟು ಶಹಾಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾದೆ. ಸಿಟ್ಟು ಮಾತ್ರ ಆರಲಿಲ್ಲ. ಮಕ್ಕಳಿಗೆ ಗಿಳಿ, ಮಾವು ಬರೆಸುತ್ತಿದ್ದರೂ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಂದು ಭಾನುವಾರ ಬಾಗಿಲು ಹಾಕಿಕೊಂಡು, ಎರೆಮಣ್ಣು ಕಲಸಿ ಮೈಗೆಲ್ಲ ಬಳಿದುಕೊಂಡು, ಬಿಳಿ ಧೋತರದ ಮೇಲೆ ಬೋರಲು ಬಿದ್ದೆ. ಒಣಗಿದ್ದೇ ತಡ, ಬಟ್ಟೆಗೆ ಹತ್ತಿದ ಮಣ್ಣು ಬಿರಿದು ಉದುರಿತು. ಹಟ ಬಿಡಲಿಲ್ಲ. ಐದನೇ ಸಲಕ್ಕೆ ಜಾಲಿಯ ಅಂಟು ಬೆರೆಸಿದೆ, ಆಗ ನಿಂತಿತು. ಮೊಲೆ, ತೊಡೆ, ಹೊಟ್ಟೆ ಎಲ್ಲ ಮೂಡಿದ್ದವು. ಹೊಲಿಗೆಯ ಗೆರೆಗೆ ಮಾತ್ರ ಮಣ್ಣು ಹತ್ತದೆ ಬೆಳ್ಳಗೆ ಉಳಿದಿತ್ತು. ನೋಡನೋಡುತ್ತ ಅತ್ತುಬಿಟ್ಟೆ.

ಸುರಪುರದಲ್ಲಿ ಹೆಣ್ಣುಮಕ್ಕಳ ಒಂದು ಕಾರ್ಯಕ್ರಮವಿತ್ತು. ಆ ಬಟ್ಟೆ ತೂಗುಹಾಕಿ, ಅದರ ಮುಂದೆ ಕೈಕಾಲಿಗೆ ಮಣ್ಣು ಹಚ್ಚಿಕೊಂಡು, ಭತ್ತ ನಾಟಿ ಮಾಡುವವರ ಹಾಗೆ ಬಾಗಿ ಹಿಂದೆ ಹಿಂದೆ ನಡೆಯುವುದು ನನ್ನ ಆಟ. ಕೊನೆಗೆ ಎದ್ದು ನಿಂತು, ಈ ಮೈ ನನ್ನದು ಎನ್ನಬೇಕು. ಅದೊಂದೇ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೆ.

ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಯಾರೋ ಮುಟ್ಟಿಸಿದ ಸುದ್ದಿ ಕೇಳಿ, ತವರೂರು ಹುಣಸಗಿಯಿಂದ ಅಣ್ಣ ಅವ್ವನನ್ನೂ ಕರೆದುಕೊಂಡು ಬಂದ. ಬಟ್ಟೆಯನ್ನು ಪೂರ್ತಿ ನೋಡಲಾರದೆ ನೆಲ ನೋಡುತ್ತ ಹಲ್ಲು ಕಡಿದ.

"ಇದು ಯಾರ ಮೈ? ನಿಂದಾದ್ರ ಈಗ ಇಳಸು. ಇಲ್ಲಾಂದ್ರ ನಮ್ಮ ಹೊಸ್ತಿಲ ತುಳಿಬ್ಯಾಡ."

ನನಗಿದ್ದದ್ದು ಆ ತವರೊಂದೇ. ಬಟ್ಟೆ ಇಳಿಸಲು ಕೈ ಎತ್ತಿದೆ. ಥೂ ನನ್ನ ಜನ್ಮಕ್ಕೆ, ಅಂದುಕೊಂಡೆ.

ಅವ್ವ ಬಟ್ಟೆಯ ಹತ್ತಿರ ಹೋದಳು. ಕಾಲುವೆಗೆ ನೀರು ಬಂದಾಗಿನಿಂದ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಅವಳ ಬೆನ್ನು ಬಾಗಿತ್ತು. ಆ ಬಿಳಿ ಗೆರೆಯನ್ನು ಬೆರಳಿಂದ ಸವರಿ, ಮಗನ ಕಡೆ ತಿರುಗಿದಳು.

"ಅದು ನನ್ನ ಮೈ, ಯಪ್ಪಾ. ನನ್ನ ಹೊಟ್ಟೀನೂ ಹಿಂಗ ಕೊಯ್ದಾರಲ್ಲ."

ಅಣ್ಣನ ಮುಖ ಸಪ್ಪಗಾಯಿತು. ಅವ್ವ ನನ್ನ ಕೈ ಒತ್ತಿ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಸುಮ್ಮನಿದ್ದರೆ ತವರು ಉಳಿಯುತ್ತಿತ್ತು. ಆದರೆ ಎಷ್ಟೇ ಪ್ರೀತಿಯಿಂದಾದರೂ, ನನ್ನ ಮೈ ಮತ್ತೊಬ್ಬರ ಪಾಲಾಗುತ್ತಿತ್ತು. ಕೈ ಬಿಡಿಸಿಕೊಂಡೆ.

"ಅವ್ವಾ, ನಿಂದು ಬ್ಯಾರೆ ಬಟ್ಟಿ ಮ್ಯಾಲ ಒತ್ತೋಣು. ಇದು ನಂದು."