ಕರಿಮಣಿ ತೆಗೆದು ಬಾ

ಎರಡು ಸಾವಿರದ ಇಸವಿ ಕಳೆದ ಹೊಸತು. ಅಂಕೋಲೆಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ವಯಸ್ಸು. ಡಾಕ್ಟರಿಗಿಂತ ನನ್ನ ದರ್ಪವೇ ಜಾಸ್ತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಒಂದು ಬೆಳಿಗ್ಗೆ ಗುಡ್ಡದ ಬುಡದಲ್ಲಿ ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದಿಂದ ಹೆಂಗಸೊಬ್ಬಳು ಮಗಳ ಜೊತೆ ಬಂದಳು. ಬಿಡದ ಕೆಮ್ಮು. ಎದೆಯ ಎಕ್ಸ್‌ರೇಗೆ ಡಾಕ್ಟರು ಚೀಟಿ ಬರೆದಿದ್ದರು. ಅವರ ಪದ್ಧತಿಯಂತೆ ಕುತ್ತಿಗೆಯಿಂದ ಎದೆಯವರೆಗೂ ಮಣಿಸರಗಳ ರಾಶಿ. ಅದು ಅಡ್ಡವಿದ್ದರೆ ಫಿಲ್ಮಿನಲ್ಲಿ ಶ್ವಾಸಕೋಶ ಕಾಣುವುದಿಲ್ಲ.

"ಅದೆಲ್ಲಾ ತೆಗಿ," ಎಂದೆ.

"ಗಂಡ ಇದ್ದವ್ಳು ಕರಿಮಣಿ ತೆಗುಕಾಗುದಿಲ್ಲ ಒಡೆಯಾ. ಬೇರೆ ಎಂತಾರೂ ಮಾಡೂಕೆ ಆತದ್ಯಾ?"

"ಹಾಗಾದ್ರೆ ಎಕ್ಸ್‌ರೇನೂ ಆಗೋದಿಲ್ಲ. ತೆಗ್ದು ಬಾ, ಹೋಗು."

ತಾಯಿ ಮಗಳು ಹೊರಟುಹೋದರು. ಚೀಟಿಯ ಮೇಲೆ 'ರೋಗಿ ಒಪ್ಪಲಿಲ್ಲ' ಎಂದು ಬರೆದೆ.

ಮುಂದಿನ ಪಾಳಿ ಅಡಿಕೆ ತೋಟದ ಮನೆಯವರೊಬ್ಬರದು. ಅವರ ಕೊರಳಲ್ಲೂ ಮಂಗಳಸೂತ್ರವಿತ್ತು. "ತೆಗೀಬೇಡಿ ಅಮ್ಮಾ, ಮೇಲೆತ್ತಿ ಬಾಯಲ್ಲಿ ಕಚ್ಚಿ ಹಿಡ್ಕೊಳ್ಳಿ," ಎಂದು ನಾನೇ ಉಪಾಯ ಹೇಳಿಕೊಟ್ಟೆ. ಆ ಹಾಲಕ್ಕಿ ಹೆಂಗಸಿನ ಮಣಿಸರಗಳನ್ನೂ ಒಟ್ಟುಮಾಡಿ, ಬ್ಯಾಂಡೇಜ್ ಬಟ್ಟೆಯಿಂದ ತಲೆಯ ಮೇಲೆ ಕಟ್ಟಬಹುದಿತ್ತು. ಎರಡು ನಿಮಿಷದ ಕೆಲಸ. ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು, ಅವಳಿಗಾಗಿ ಅಷ್ಟು ಮಾಡಲು ಮನಸ್ಸು ಬರಲಿಲ್ಲ. ನನ್ನ ತಾಯಿಯ ವಯಸ್ಸಿನವರು ಅವರು. ಇಲ್ಲಿ ಬರೆಯುವಾಗಲೂ ಮೊದಲು 'ಅವಳು' ಎಂದೇ ಬಂತು ನೋಡಿ. ನಾಚಿಕೆಯಾಗುತ್ತದೆ.

ಮಳೆಗಾಲ ಕಳೆದ ಮೇಲೆ ಆ ತಾಯಿ ಮತ್ತೆ ಬಂದರು. ಮಗಳ ಹೆಗಲಿಗೆ ಒರಗಿಕೊಂಡೇ ನಡೆಯುತ್ತಿದ್ದರು. ಕೊರಳು ಬರಿದಾಗಿತ್ತು. ಗಂಡ ಹೋದನೇನೋ ಅಂದುಕೊಂಡೆ. ಇಲ್ಲ, ಆತ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮಗಳು ಕೈಯಲ್ಲಿದ್ದ ಬಟ್ಟೆಯ ಗಂಟು ತೋರಿಸಿದಳು.

"ಮಣಿ ಇದ್ರಲ್ಲಿ ಅದೆ. ಈಗ ತೆಗೀರಿ. ಅವ್ವಿ ಕುತ್ತಿಗೆ ಇದ್ರ ಭಾರ ತಡೂದಿಲ್ಲ."

ಫಿಲ್ಮು ತೊಳೆದು ಬೆಳಕಿಗೆ ಹಿಡಿದೆ. ಮಣಿಯ ನೆರಳು ಎಲ್ಲೂ ಇರಲಿಲ್ಲ. ಎರಡೂ ಶ್ವಾಸಕೋಶಗಳನ್ನು ಕ್ಷಯ ತಿಂದುಹಾಕಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

"ಈ ಸಲ ಚಲೋ ಬಂತಾ ಒಡೆಯಾ?" ಎಂದು ಅವರು ಕೇಳಿದರು.

"ಚೆನ್ನಾಗಿ ಬಂದಿದೆ ಅಮ್ಮಾ," ಎಂದೆ.